ತಲುಪುವ ದೇಶ

ಹೆಬ್ಬೆರಳಿಗಿಂತ ದಪ್ಪವಾದರೆ ದನಕ್ಕೆ,
ಕಿರುಬೆರಳಷ್ಟಿದ್ದರೆ ಹಡಗಿಗೆ.
ಮಿಡಿಸೌತೆಯ ಶಾಸ್ತ್ರ ಇಷ್ಟೆ.
ಹಾಸನದ ಕೈಗಾರಿಕಾ ಪ್ರದೇಶದ ಈ ಷೆಡ್ಡಿನಲ್ಲಿ
ಹದಿನಾಲ್ಕು ವರ್ಷದಿಂದ ನಾನು ಕಾಗದ ಬರೆಯುತ್ತೇನೆ:
ಎಷ್ಟು ಪೀಪಾಯಿ, ಎಷ್ಟು ಉಪ್ಪುನೀರು,
ಬೆಳೆದ ದೇಶ, ತಲುಪುವ ದೇಶ.

ತಲುಪುವ ದೇಶ ಚಿಕ್ಕದು.
ಗೋಡೆಯ ಭೂಪಟದ ಮೇಲೆ ಬೆರಳಿಟ್ಟರೆ
ಉಗುರಿನಡಿ ಅಡಗಿಹೋಗುತ್ತದೆ, ರಾಜಧಾನಿ ಸಮೇತ.
ಅಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆದರಂತೆ,
ಪಕ್ಕದ ದೊಡ್ಡ ದೇಶಕ್ಕೆ ಸರಿಬರಲಿಲ್ಲ.
ಗುಂಡು ಹಾರಲಿಲ್ಲ.
ಒಂದು ಸೋಮವಾರ ಬೆಳಿಗ್ಗೆ ಸುಂಕದವರ ಕಂಪ್ಯೂಟರಿನಲ್ಲಿ
ಆ ದೇಶದ ಹೆಸರೇ ಇರಲಿಲ್ಲ, ಅಷ್ಟೆ.
ಅವರ ಬೆಣ್ಣೆ ಗಡಿಯಲ್ಲಿ ನಿಂತು ಮುಗ್ಗಿತು.
ಆಮೇಲೆ ಮಾತೊಂದು ಬಂತು, ಮೆತ್ತಗೆ:
ಅವರೊಡನೆ ವ್ಯಾಪಾರ ಇಟ್ಟುಕೊಂಡವರ ಮಾಲೂ
ನಮ್ಮ ಕಣ್ಣಿಗೆ ಬೀಳದೆ ಹೋಗಬಹುದು.

ನಮ್ಮ ಧಣಿ ದೊಡ್ಡ ದೇಶಕ್ಕೂ ಮಾರುತ್ತಾರೆ.
'ವಿಶಾಲು, ಆ ಮೂರು ಕಂಟೇನರಿನ ಕಾಗದ ಸ್ವಲ್ಪ ತಡಿ' ಎಂದರು.
ತಡೆದೆ.

ಕೈಗಾರಿಕಾ ಕೇಂದ್ರದಲ್ಲಿ ಸಭೆ.
ದಿಲ್ಲಿಯಿಂದ ಹೊರಟ ಪತ್ರ ಬೆಂಗಳೂರಲ್ಲಿ ಮೊಹರು ಹೊತ್ತು
ಬಿ.ಎಂ. ರಸ್ತೆಯ ಈ ಮೇಜಿಗೆ ಬಂದಿತ್ತು.
ಜಂಟಿ ನಿರ್ದೇಶಕ ತೋಪಯ್ಯನವರು ಕನ್ನಡಕ ಒರೆಸಿ ಓದಿದರು.
ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸಲಾಗುತ್ತಿದೆ.
ಮಿತ್ರರಾಷ್ಟ್ರ ಎಂಬುದು ನಾಲ್ಕು ಸಲ ಬಂತು,
ಮಿತ್ರನ ಹೆಸರು ಒಂದು ಸಲವೂ ಬರಲಿಲ್ಲ.
ಹಿಂಸೆ ಕೊಟ್ಟವನ ಹೆಸರಂತೂ ಕೇಳಲೇಬೇಡಿ.
ಬೇರೆ ಯಾವುದೋ ಸರಕಾರ ಸಾಲ ಕೊಟ್ಟಿತಂತೆ,
ಇನ್ನೊಂದು, ತನ್ನ ಶಾಲೆಮಕ್ಕಳ ತಟ್ಟೆಗೆ
ಆ ಬೆಣ್ಣೆಯನ್ನೇ ತರಿಸಿತಂತೆ.
'ನಮ್ಮದೇನು ಸಾರ್?'
ತೋಪಯ್ಯನವರು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಆಗ ಎಲ್ಲಿಂದಲೋ ಹುಚ್ಚೆಳ್ಳೆಣ್ಣೆಯ ವಾಸನೆ.

ಚನ್ನರಾಯಪಟ್ಟಣದಾಚೆಯ ನಮ್ಮೂರು. ನಾನಿನ್ನೂ ಹುಟ್ಟಿರಲಿಲ್ಲ.
ಗಾಣದ ಚಿಕ್ಕತಾಯಿ, ಪಟೇಲರಿಗಾಗದ ಯಾರಿಗೋ
ಜಗಲಿಯಲ್ಲಿ ಮಲಗಲು ಚಾಪೆ ಕೊಟ್ಟಳು.
ಪಟೇಲರು ಅವಳನ್ನು ಬೈಯಲಿಲ್ಲ, ಹೊಡೆಸಲಿಲ್ಲ.
'ಅವಳ ಎಣ್ಣೆ ಕೊಂಡವರ ಕಬ್ಬಿಗೆ
ನನ್ನ ಆಲೆಮನೆ ಇಲ್ಲ' ಎಂದರು, ಎಲೆಗೆ ಸುಣ್ಣ ಸವರುತ್ತ.
ಊರಿಗಿದ್ದದ್ದು ಅದೊಂದೇ ಆಲೆಮನೆ.

ಅಜ್ಜಿ ಧೈರ್ಯವಂತೆ ಎಂದು ಬರೆಯಲು ಆಸೆ. ಸುಳ್ಳಾಗುತ್ತದೆ.
ರಾತ್ರಿ ಹೋಗಿ ಪಾವು ಎಣ್ಣೆ ತರುತ್ತಿದ್ದಳು, ಸೆರಗಿನಡಿ.
ಹಗಲು ಎದುರಾದರೆ ಚಿಕ್ಕತಾಯಿಯನ್ನು ಮಾತಾಡಿಸಳು.
ತಂದದ್ದನ್ನು ಒಗ್ಗರಣೆಗೂ ಹಾಕುವಂತಿಲ್ಲ,
ಹುಚ್ಚೆಳ್ಳು ಹೊಗೆಯಲ್ಲೇ ಚಾಡಿ ಹೇಳುತ್ತದೆ.
ಎಣ್ಣೆ ಅಟ್ಟದ ಮೇಲೆ ತುಂಬುತ್ತ ಹೋಯಿತು,
ಅಜ್ಜಿಯದಷ್ಟೇ ಅಲ್ಲವೆಂದು ಆಮೇಲೆ ತಿಳಿಯಿತು.
ಯುಗಾದಿಯ ಬೆಳಿಗ್ಗೆ, ಯಾರು ಮೊದಲೋ ಇವತ್ತಿಗೂ ಗೊತ್ತಿಲ್ಲ,
ಒಂದು ಮನೆಯ ಬಾಣಲೆ ಚುಂಯ್ ಎಂದಿತು,
ಎದುರು ಮನೆಯದು, ಹಿಂದಿನ ಬೀದಿಯದು,
ಮಧ್ಯಾಹ್ನಕ್ಕೆ ಇಡೀ ಊರು ಹುಚ್ಚೆಳ್ಳು.
ಪಟೇಲರು ಮೂಗಿಗೆ ಪಂಚೆ ಹಿಡಿದು ಬೀದಿ ಸುತ್ತಿದರು,
ಯಾರ ಕಬ್ಬೆಂದು ಬಿಡುವುದು?

ಕತೆ ಇಲ್ಲಿಗೇ ನಿಲ್ಲಿಸಿದರೆ ಚೆಂದ.
ಆದರೆ ಅದಕ್ಕೆ ಹನ್ನೊಂದು ತಿಂಗಳು ಹಿಡಿದಿತ್ತು.
ಅಷ್ಟರಲ್ಲಿ ಚಿಕ್ಕತಾಯಿ ಗಾಣದ ಎತ್ತನ್ನು ಮಾರಿ
ತಾನೇ ನೊಗಕ್ಕೆ ಹೆಗಲು ಕೊಟ್ಟಿದ್ದಳು.
ಹಬ್ಬದ ದಿನ ಯಾರೋ ಕಜ್ಜಾಯ ಕೊಟ್ಟರೆ
'ನನ್ನೆಣ್ಣೆಯದೇ' ಎಂದು ಮೂಸಿ, ಅಲ್ಲೇ ಇಟ್ಟಳಂತೆ.

ಮೊನ್ನೆ ಎರಡನೆಯ ಪತ್ರ ಬಂತು.
ಮಾಲು ಕಳಿಸಿ, ನಷ್ಟವಾದರೆ ಅರ್ಧ ಸರಕಾರದ್ದು.
ಹೇಳಿಕೆ ಇಲ್ಲ, ಪತ್ರಿಕೆಗೆ ಕೊಡತಕ್ಕದ್ದಲ್ಲ.
ಸೆರಗಿನಡಿಯ ಪಾವು.
ಧಣಿ ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಕೊನೆಗೆ
'ಎರಡು ಹೋಗಲಿ, ಒಂದಿರಲಿ' ಎಂದರು.

ಎರಡಕ್ಕೂ ಬರೆದೆ. ತಲುಪುವ ದೇಶ ಎಂಬಲ್ಲಿ
ಸಂಕ್ಷೇಪ ಮಾಡದೆ ಪೂರ್ತಿ ಹೆಸರು,
ಚೌಕದಿಂದ ಆಚೆ ಹೋದರೂ ಹೋಗಲಿ ಎಂದು.
ಮೂರನೆಯದು ಡ್ರಾಯರಿನಲ್ಲಿದೆ.
ಊಟದ ಹೊತ್ತಲ್ಲಿ ಅದನ್ನು ತೆಗೆದು ನೋಡುತ್ತೇನೆ,
ಕೈಗೆ ವಿನಿಗರ್ ವಾಸನೆ,
ಅಲ್ಲಿ ಈಗ ಯಾವ ತಿಂಗಳು ನಡೆಯುತ್ತಿದೆಯೋ,
ಎಷ್ಟನೆಯದೋ.